ಮನಸ್ಸು ಸರಿಹೋದರೆ ವಿಮೆ ಇಲ್ಲ

ಮನಸ್ಸಿಗೆ ಕಷ್ಟವಾದರೆ ತೋರಿಸಿಕೊಳ್ಳಲು ಬೆಂಗಳೂರಿಗೇ ಹೋಗಬೇಕು ಎಂಬ ಕಾಲ ಚಿಕ್ಕಮಗಳೂರಿನ ಪಾಲಿಗೆ ಮುಗಿಯಿತು. ಮೆತ್ತನೆಯ ಸೋಫಾ, ತಿಳಿಹಸಿರು ಗೋಡೆ, ಮೂಲೆಯಲ್ಲೊಂದು ಮನಿಪ್ಲಾಂಟ್ ಇರುವ ಖಾಸಗಿ ಆಪ್ತಸಮಾಲೋಚನಾ ಕೇಂದ್ರಗಳು ಈಗ ಪೇಟೆಯ ನಡುವೆಯೇ ಇವೆ. ಒಳಗೆ ಕಾಲಿಟ್ಟವರ ಕೈಗೆ ಮೊದಲು ಬರುವುದು ನಾಲ್ಕು ಪುಟಗಳ ಒಪ್ಪಿಗೆ ಪತ್ರ. ಅದರಲ್ಲಿ ಮನಸ್ಸಿನ ಕುರಿತು ಅರ್ಧ ಪುಟವೂ ಹಣದ ಕುರಿತು ಮೂರೂವರೆ ಪುಟವೂ ಇರುವುದನ್ನು ಕಂಡು ಯಾರೂ ಗಾಬರಿಯಾಗಬೇಕಿಲ್ಲ. ಗಾಬರಿಯಾದರೂ ಚಿಂತೆಯಿಲ್ಲ, ಅದಕ್ಕೂ ಅಲ್ಲಿ ಚಿಕಿತ್ಸೆ ಉಂಟು.

ಇನ್ನೊಬ್ಬರ ಸಂಕಟವನ್ನು ದಿನವಿಡೀ ಕೂತು ಕೇಳುವುದು ದುಡಿಮೆಯೇ, ದುಡಿಮೆಗೆ ಕೂಲಿ ಸಲ್ಲಲೇಬೇಕು. ಒಂದು ಗಂಟೆ ಎಂದರೆ 50 ನಿಮಿಷ ಎಂಬ ಅಲ್ಲಿನ ಕಾಲಗಣನೆಯನ್ನೂ ಒಪ್ಪೋಣ. ಆದರೆ ರದ್ದತಿಯ ನಿಯಮವನ್ನು ರಚಿಸಿದ ಮಹನೀಯರಿಗೆ ಸನ್ಮಾನವಾಗಲೇಬೇಕು. 24 ಗಂಟೆ ಮೊದಲು ತಿಳಿಸದೆ ಗೈರಾದರೆ ಪೂರ್ತಿ ಶುಲ್ಕ ಕಟ್ಟಬೇಕು. ಖಿನ್ನತೆಯಲ್ಲಿ ಹಾಸಿಗೆಯಿಂದ ಏಳಲಾಗದು, ಆತಂಕದಲ್ಲಿ ಫೋನ್ ಎತ್ತಲೂ ಕೈ ನಡುಗುತ್ತದೆ ಎಂದು ಒಳಕೋಣೆಯಲ್ಲಿ ಸಹಾನುಭೂತಿಯಿಂದ ವಿವರಿಸುವ ಸಂಸ್ಥೆಯೇ, ನಾಳೆ ತನಗೆ ಏಳಲಾಗುವುದಿಲ್ಲವೆಂಬುದನ್ನು ರೋಗಿಯು ಇಂದೇ ಅರಿತು ಫೋನ್ ಮಾಡಿ ತಿಳಿಸತಕ್ಕದ್ದು ಎಂದು ಹೊರಕೋಣೆಯಲ್ಲಿ ಸಹಿ ಹಾಕಿಸಿಕೊಳ್ಳುತ್ತದೆ. ಆಷಾಢದಲ್ಲಿ ಕೊಪ್ಪ, ಕಳಸದ ಕಡೆಯಿಂದ ಬರುವವರ ಪಾಡು ಇನ್ನೊಂದು ಬಗೆಯದು. ಮರ ಬಿದ್ದು ರಸ್ತೆ ಮುಚ್ಚುತ್ತದೆ, ಕರೆಂಟು ಹೋಗುತ್ತದೆ, ಕರೆಂಟಿನ ಹಿಂದೆಯೇ ಮೊಬೈಲ್ ಟವರೂ ಹೋಗುತ್ತದೆ. ಪ್ರಕೃತಿ ವಿಕೋಪಕ್ಕೆ ವಿನಾಯಿತಿಯನ್ನೇನೋ ಕೊಟ್ಟಿದ್ದಾರೆ; ಬಿದ್ದ ಮರದ ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಮುಂಚಿತವಾಗಿ ಕಳುಹಿಸಬೇಕು, ಅಷ್ಟೇ.

ಸೆಷನ್‌ಗಳ ಹಣವನ್ನು ಮುಂಗಡವಾಗಿ ಒಟ್ಟಿಗೆ ಕಟ್ಟಬೇಕೆಂಬ ಪ್ಯಾಕೇಜಿನ ಎದುರು ನಿಂತ ಕಾಫಿ ಬೆಳೆಗಾರರೊಬ್ಬರು, “ಕುಯ್ಲು ಮುಗಿದು ಕಾಫಿ ದುಡ್ಡು ಬಂದ ಮೇಲೆ ಕೊಟ್ಟರೆ ಆಗಲ್ವೇನಮ್ಮ?” ಎಂದು ಕೇಳಿದರೆ, “ಸಿಸ್ಟಮ್ ತಗೊಳ್ಳಲ್ಲ ಸಾರ್” ಎಂಬ ಉತ್ತರ ಸಿದ್ಧವಾಗಿರುತ್ತದೆ. ವರ್ಷಕ್ಕೊಮ್ಮೆ ಹಣ ಕಾಣುವವರ ಜಿಲ್ಲೆಯಲ್ಲಿ ಆ ಸಿಸ್ಟಮ್ಮನ್ನು ಯಾರು ಮಾಡಿದರೋ! ಇನ್ನು ಗೋಪ್ಯತೆ. ನಿಮ್ಮ ಒಂದೇ ಒಂದು ಮಾತೂ ಹೊರಗೆ ಹೋಗದು ಎಂದು ಪತ್ರದ ಮೊದಲ ಪುಟದಲ್ಲೇ ಭರವಸೆ ಇದೆ. ಕೌಂಟರಿನ ಮೇಲಿರುವ ಯುಪಿಐ ಪೆಟ್ಟಿಗೆಯು ಆ ಪತ್ರಕ್ಕೆ ಸಹಿ ಹಾಕಿಲ್ಲವಾದ್ದರಿಂದ, ಇಷ್ಟು ರೂಪಾಯಿ ಸ್ವೀಕರಿಸಲಾಗಿದೆ ಎಂದು ಕಾಯುವ ಕೋಣೆಗೆಲ್ಲ ಕೇಳುವಂತೆ ಸಾರುತ್ತದೆ. ನಮ್ಮಂಥ ಊರಿನಲ್ಲಿ ಆ ಕೋಣೆಯಲ್ಲಿ ಕೂತವರ ಪೈಕಿ ಒಬ್ಬರಾದರೂ ಅತ್ತಿಗೆಯ ತವರಿನವರಾಗಿರುತ್ತಾರೆ.

ಖಾಸಗಿ ವೈದ್ಯಕೀಯ ಸಂಸ್ಥೆಗಳು ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕೆಂದು ನಮ್ಮ ರಾಜ್ಯದ 2007ರ ಕಾಯ್ದೆ ಹೇಳುತ್ತದೆ. ಪಟ್ಟಿ ಎಲ್ಲಿದೆಯೆಂದು ಕೇಳಿದರೆ, ನಮ್ಮದು ಆಸ್ಪತ್ರೆಯಲ್ಲ, ಮಾತುಕತೆಯ ಕೇಂದ್ರ ಎನ್ನುತ್ತಾರೆ. ಜಿಎಸ್‌ಟಿಯ ಮಾತೆತ್ತಿದರೆ ಅದೇ ಮಾತುಕತೆ ತೆರಿಗೆ ವಿನಾಯಿತಿಯುಳ್ಳ ಆರೋಗ್ಯ ಸೇವೆಯಾಗಿಬಿಡುತ್ತದೆ.

ಇಷ್ಟೆಲ್ಲ ಆದ ಮೇಲೂ ಆರೋಗ್ಯ ವಿಮೆ ಇದೆಯಲ್ಲ ಎಂಬ ಧೈರ್ಯ ಕೆಲವರಿಗುಂಟು. ದೈಹಿಕ ಕಾಯಿಲೆಗೆ ಹೇಗೋ ಮಾನಸಿಕ ಕಾಯಿಲೆಗೂ ಹಾಗೆಯೇ ವಿಮೆ ಒದಗಿಸಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಮು ಸ್ಪಷ್ಟವಾಗಿ ಹೇಳಿದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಆಗಸ್ಟ್‌ನಲ್ಲಿ ಕಂಪನಿಗಳಿಗೆ ಇದನ್ನು ತಿಳಿಸಿತು. ಕೇಳಿಸದವರಿಗಾಗಿ 2022ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ತಿಳಿಸಿತು. ಕಂಪನಿಗಳು ಸಮಾನತೆಯನ್ನು ಅಕ್ಷರಶಃ ಪಾಲಿಸಿದವು. ಸಾಮಾನ್ಯ ಪಾಲಿಸಿಯಲ್ಲಿ ಜ್ವರಕ್ಕೆ ಹಣ ಬರಬೇಕಾದರೆ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ದಾಖಲಾಗಿರಬೇಕು, ದುಃಖಕ್ಕೂ ಅದೇ ನಿಯಮ. ವಾರಕ್ಕೊಮ್ಮೆ ಬಂದು, ಕೂತು, ಮಾತಾಡಿ, ಮನೆಗೆ ಹೋಗುವುದೇ ಈ ಚಿಕಿತ್ಸೆಯ ಸ್ವರೂಪವಾಗಿರುವಾಗ ಇದು ಬಯಲುಸೀಮೆಯ ಕಡೂರಿಗೂ ಮಳೆ ಸುರಿಯುವ ಕೊಟ್ಟಿಗೆಹಾರಕ್ಕೂ ಒಂದೇ ಅಳತೆಯ ಕೊಡೆ ಹಂಚಿದಂತೆ. ಹೊರರೋಗಿ ವೆಚ್ಚಕ್ಕೆಂದು ಬೇರೆ ಪ್ರೀಮಿಯಂ ಕಟ್ಟಿಸಿಕೊಳ್ಳುವ ಪಾಲಿಸಿಗಳೂ ಇವೆ, ಕಟ್ಟಬಲ್ಲವರು ಕಟ್ಟಲಿ.

ಆದರೂ ಹೊರರೋಗಿಗೆ ಒಂದು ಬಾಗಿಲು ತೆರೆದಿದೆ. ಆರೋಗ್ಯ ಸಂಜೀವನಿಯಂಥ ಪಾಲಿಸಿಯಲ್ಲಿ ಆಸ್ಪತ್ರೆಗೆ ದಾಖಲಾಗುವ ಹಿಂದಿನ 30 ದಿನಗಳ ಮತ್ತು ಬಿಡುಗಡೆಯಾದ ನಂತರದ 60 ದಿನಗಳ ಚಿಕಿತ್ಸಾ ವೆಚ್ಚವನ್ನು ಕೇಳಲು ಅವಕಾಶವುಂಟು. ಇದರ ತಾತ್ಪರ್ಯವನ್ನು ರೋಗಿಯು ಶಾಂತಚಿತ್ತದಿಂದ ಗ್ರಹಿಸಬೇಕು. ಹೊರಗಿನಿಂದ ಬಂದು ಹೋಗಿ ಪಡೆದ ಚಿಕಿತ್ಸೆ ಫಲಿಸಿ ನೀವು ಗೆಲುವಾದರೆ ಒಂದು ಪೈಸೆಯೂ ಹುಟ್ಟುವುದಿಲ್ಲ. ಅದೇ ಚಿಕಿತ್ಸೆ ಸಂಪೂರ್ಣ ವಿಫಲವಾಗಿ, ಒಂದು ತಿಂಗಳೊಳಗೆ ನಿಮ್ಮನ್ನು ವಾರ್ಡಿಗೆ ಸೇರಿಸುವ ಸ್ಥಿತಿ ಬಂದರೆ, ಹಿಂದಿನ ಬಿಲ್ಲುಗಳನ್ನೂ ಲಗತ್ತಿಸಿ ಅರ್ಜಿ ಹಾಕಬಹುದು. ಆದ್ದರಿಂದ ಸ್ವಲ್ಪ ಸುಧಾರಿಸಿದಂತೆ ಅನ್ನಿಸಿದ ಕೂಡಲೇ ಏಜೆಂಟರನ್ನು ಸಂಪರ್ಕಿಸಿ, ಮುಂದುವರಿಯುವುದು ಲಾಭದಾಯಕವೇ ಎಂದು ವಿಚಾರಿಸಿಕೊಳ್ಳುವುದು ಒಳಿತು.

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ, ಬಿಡಿಗಾಸಿಲ್ಲದೆ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ಕೂ ಉಂಟು. ನಾಲ್ಕು ಪುಟಗಳ ಪತ್ರದಲ್ಲಿ ಇವೆರಡಕ್ಕೆ ಜಾಗ ಸಾಲದೆ ಹೋಗಿರುವುದು ಮುದ್ರಣದ ಸಮಸ್ಯೆಯಿರಬೇಕು. ಏಕೆಂದರೆ ಕೊನೆಯ ಪುಟದ ತಳದಲ್ಲಿ, ಸಣ್ಣಕ್ಷರದಲ್ಲಿಯಾದರೂ, ಇನ್ನೊಂದು ಷರತ್ತಿಗೆ ಜಾಗ ಸಿಕ್ಕಿದೆ: ಶುಲ್ಕದ ಬಗ್ಗೆ ಅಸಮಾಧಾನ ಉಂಟಾಗುವುದು ಸಹಜ, ಅಂಥ ಭಾವನೆಗಳನ್ನು ಅದುಮಿಡದೆ ಮುಂದಿನ ಸೆಷನ್‌ನಲ್ಲಿ ಸಮಾಲೋಚಕರೊಂದಿಗೆ ಮುಕ್ತವಾಗಿ ಹಂಚಿಕೊಳ್ಳತಕ್ಕದ್ದು, ಸದರಿ ಸೆಷನ್‌ಗೆ ಮೇಲಿನ ದರವೇ ಅನ್ವಯಿಸುತ್ತದೆ.