ಪಿಕಲ್‌ಬಾಲ್: ಬಿರುಸಿನ ಹೊಡೆತಕ್ಕೆ ಮೆತ್ತನೆಯ ಆಟವೇ ಮದ್ದೇ?

ಪಿಕಲ್‌ಬಾಲ್ ಅಂದರೆ ಪ್ಯಾಡಲ್ ಅನ್ನುವ ಚಪ್ಪಟೆ ಬ್ಯಾಟಿನಿಂದ ತೂತಿನ ಪ್ಲಾಸ್ಟಿಕ್ ಚೆಂಡನ್ನು ನೆಟ್ ದಾಟಿಸುವ ಆಟ. ಅದರ ಡಬಲ್ಸ್‌ನಲ್ಲಿ ಎದುರಿಗೆ ಸಿಕ್ಕ ಜೋಡಿ ಪ್ರತಿ ಚೆಂಡನ್ನೂ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬಾರಿಸುತ್ತದೆ. ಆಗ ಏನು ಮಾಡಬೇಕು? ಬೆಂಗಳೂರಿನ ಕೋರ್ಟ್‌ಗಳಲ್ಲಿ ಟೆನಿಸ್, ಬ್ಯಾಡ್ಮಿಂಟನ್ ಆಡಿ ಬಂದವರು ಬಹಳ. ಹೊಡೆಯುವ ಅಭ್ಯಾಸವನ್ನೂ ಅವರು ಜೊತೆಗೇ ತಂದಿರುತ್ತಾರೆ. ವೇಗ ಇಳಿಸಿ ಅವರನ್ನು ಕಟ್ಟಿಹಾಕಬೇಕು ಎನ್ನುವುದು ಒಂದು ವಾದ. ಅವರ ವೇಗವನ್ನು ಅವರ ಮೇಲೆಯೇ ತಿರುಗಿಸಬೇಕು ಎನ್ನುವುದು ಇನ್ನೊಂದು.

ಪರ: ವೇಗ ಇಳಿಸಿ, ಚೆಂಡನ್ನು ತಗ್ಗಿನಲ್ಲಿಡಿ

ಜೋರಾಗಿ ಹೊಡೆಯುವವರಿಗೆ ಸೊಂಟದ ಎತ್ತರಕ್ಕೆ ಬರುವ ಚೆಂಡು ಬೇಕು. ಅದು ಸಿಗದಿದ್ದರೆ ಅವರ ಅರ್ಧ ಆಟ ಅಲ್ಲೇ ನಿಂತುಹೋಗುತ್ತದೆ.

ಕೋರ್ಟಿನ ಅಳತೆಯೇ ನಮ್ಮ ಪರವಾಗಿದೆ. ನೆಟ್‌ನ ಎರಡೂ ಕಡೆ 7 ಅಡಿ ಜಾಗ ಕಿಚನ್. ಅದರೊಳಗೆ ನಿಂತು ವಾಲಿ ಹೊಡೆಯುವ ಹಾಗಿಲ್ಲ, ಚೆಂಡು ನೆಲಕ್ಕೆ ಬೀಳುವ ತನಕ ಕಾಯಬೇಕು. ನೆಟ್‌ನ ಎತ್ತರ ನಡುವಿನಲ್ಲಿ 34 ಇಂಚು, ಅಂಚಿನಲ್ಲಿ 36. ಕಿಚನ್‌ನಲ್ಲಿ ಮೆಲ್ಲಗೆ ಬಿದ್ದ ಚೆಂಡು ಅಷ್ಟು ಎತ್ತರಕ್ಕೆ ಏಳುವುದೇ ಇಲ್ಲ. ಅದನ್ನು ದಾಟಿಸಬೇಕಾದರೆ ಕೆಳಗಿನಿಂದ ಮೇಲಕ್ಕೆ ಎತ್ತಲೇಬೇಕು. ಎತ್ತುವ ಚೆಂಡಿಗೆ ಜೋರು ಹಾಕಿದರೆ ಅದು ಹಿಂದಿನ ಗೆರೆ ದಾಟಿ ಹೊರಗೆ ಬೀಳುತ್ತದೆ. ಬಲ ಇದ್ದವನಿಗೂ ಅಲ್ಲಿ ಬಲ ಉಪಯೋಗಕ್ಕೆ ಬರುವುದಿಲ್ಲ.

ಹಾಗಾದರೆ ಗುಂಡಿನ ಹಾಗೆ ಬಂದ ಚೆಂಡನ್ನು ಕಿಚನ್‌ಗೆ ಇಳಿಸುವುದು ಹೇಗೆ? ಇದಕ್ಕೇ ರಿಸೆಟ್ ಅನ್ನುತ್ತಾರೆ. ಇದನ್ನು ಕೊಂಚ ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲರೂ ತಪ್ಪುವುದು ಇಲ್ಲೇ. ವೇಗದ ಚೆಂಡು ಕಂಡ ಕೂಡಲೇ ಕೈ ತಾನಾಗಿ ಹಿಡಿಯನ್ನು ಬಿಗಿಯುತ್ತದೆ. ಬಿಗಿದ ಪ್ಯಾಡಲ್‌ಗೆ ಬಡಿದ ಚೆಂಡು ಚಿಮ್ಮಿ ಎದುರಾಳಿಯ ಭುಜದ ಮಟ್ಟಕ್ಕೆ ಹೋಗುತ್ತದೆ. ಆಮೇಲೆ ಕೇಳಬೇಕೇ? ಅದಕ್ಕೇ ಹಿಡಿತ ಸಡಿಲ ಇರಲಿ. 10ರಲ್ಲಿ 3 ಅಥವಾ 4ರಷ್ಟು ಬಿಗಿ ಸಾಕು. ಮಂಡಿ ಬಗ್ಗಿರಲಿ. ಪ್ಯಾಡಲ್ ಮೈಮುಂದೆ ಇರಲಿ, ಮುಖ ಸ್ವಲ್ಪ ಮೇಲಕ್ಕೆ ತೆರೆದಿರಲಿ. ಹಿಂದಕ್ಕೆ ಎಳೆದು ಬೀಸಲೇಬೇಡಿ. ಮಣಿಕಟ್ಟು ಅಲುಗಬಾರದು. ಚೆಂಡು ತಾಗುವ ಹೊತ್ತಿಗೆ ಕೈ ಒಂದಿಷ್ಟು ಹಿಂದೆ ಸರಿದು ಜಾಗ ಕೊಟ್ಟರೆ ವೇಗವೆಲ್ಲ ಅಲ್ಲೇ ಸಾಯುತ್ತದೆ. ಬಲಗೈ ಆಟಗಾರರ ಬಲ ಕಂಕುಳಿಗೆ ಬರುವ ಚೆಂಡು ಅತಿ ಕಷ್ಟದ್ದು. ಮೈಗೆ ನೇರ ಬಂದಿದ್ದಕ್ಕೆಲ್ಲ ಬ್ಯಾಕ್‌ಹ್ಯಾಂಡ್ ಒಡ್ಡುವುದೇ ಒಳ್ಳೆಯದು.

ಸರ್ವ್ ಮಾಡಿದ ಜೋಡಿಗೆ ಈ ಮೆತ್ತನೆಯ ಆಟ ಇನ್ನೂ ಮುಖ್ಯ. ಸರ್ವ್ ಒಂದು ಸಲ, ಅದರ ರಿಟರ್ನ್ ಒಂದು ಸಲ ನೆಲಕ್ಕೆ ಬೀಳಲೇಬೇಕು ಅನ್ನುವುದು ನಿಯಮ. ಹಾಗಾಗಿ ಸರ್ವ್ ಮಾಡಿದವರು ಹಿಂದೆಯೇ ಉಳಿದಿರುತ್ತಾರೆ, ಎದುರಾಳಿಗಳು ಆಗಲೇ ಕಿಚನ್ ಗೆರೆಗೆ ಬಂದಿರುತ್ತಾರೆ. ಮೂರನೇ ಹೊಡೆತವನ್ನು ಡ್ರಾಪ್ ಮಾಡಿದರೆ, ಅಂದರೆ ಎದುರಿನ ಕಿಚನ್‌ಗೆ ಮೆಲ್ಲಗೆ ಇಳಿಸಿದರೆ, ಚೆಂಡು ಗಾಳಿಯಲ್ಲಿ ತೇಲುವಷ್ಟು ಹೊತ್ತು ಮುಂದೆ ಓಡಲು ಸಮಯ ಸಿಗುತ್ತದೆ.

ಕನ್ನಡಿಗರಿಗೆ ಈ ಪಾಠ ಹೊಸದೇನಲ್ಲ. 1980ರ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಫೈನಲ್‌ನಲ್ಲಿ ನಮ್ಮ ಪ್ರಕಾಶ್ ಪಡುಕೋಣೆ ಅವರಿಗೆ ಎದುರಾದವರು ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್. ನೆಗೆದು ಸ್ಮ್ಯಾಶ್ ಹೊಡೆಯುವುದರಲ್ಲಿ ಹೆಸರು ಮಾಡಿದವರು. ಪ್ರಕಾಶ್ ಆಟದ ವೇಗ ತಗ್ಗಿಸಿದರು. ಕೈಚಳಕದಿಂದಲೇ ಕಿಂಗ್ ಅವರ ಲಯ ಕೆಡಿಸಿ 15-3, 15-10ರಲ್ಲಿ ಗೆದ್ದರು. ಅಂದಹಾಗೆ ಪಿಕಲ್‌ಬಾಲ್ ಕೋರ್ಟ್ ಕೂಡ ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನಷ್ಟೇ ದೊಡ್ಡದು: 44 ಅಡಿ ಉದ್ದ, 20 ಅಡಿ ಅಗಲ. 1965ರಲ್ಲಿ ಅಮೆರಿಕದ ಬೇನ್‌ಬ್ರಿಡ್ಜ್ ದ್ವೀಪದಲ್ಲಿ ಈ ಆಟ ಹುಟ್ಟಿದ್ದೇ ಒಂದು ಹಳೆಯ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ. ಬ್ಯಾಡ್ಮಿಂಟನ್ ಆಡಿ ಬಂದವರು ಸ್ಮ್ಯಾಶ್ ಜೊತೆಗೆ ಆ ಕೈಚಳಕವನ್ನೂ ತರಲಿ ಅನ್ನುವುದು ನನ್ನ ಆಸೆ.

ವಿರೋಧ: ವೇಗವನ್ನು ಕೊಲ್ಲಬೇಡಿ, ಬಳಸಿಕೊಳ್ಳಿ

ಅದೇ ಪ್ರಕಾಶ್, ಅದೇ ಕಿಂಗ್ 1981ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಮತ್ತೆ ಎದುರಾದರು. ಪ್ರಕಾಶ್ ಮೊದಲ ಗೇಮ್ 15-11ರಲ್ಲಿ ಗೆದ್ದರು. ಮುಂದಿನ ಎರಡನ್ನು 4-15, 6-15ರಲ್ಲಿ ಸೋತರು. ಅಷ್ಟು ದೊಡ್ಡ ಆಟಗಾರರ ಎದುರೂ ಬಿರುಸಿನ ಆಟ ಗೆದ್ದ ದಿನ ಇದೆ. ವಾರಕ್ಕೆ ಎರಡು ಸಂಜೆ ಆಡುವ ನಮ್ಮ ಕೈಯಲ್ಲಿ ಪ್ರಕಾಶ್ ಅವರ ಸ್ಪರ್ಶ ಎಲ್ಲಿಂದ ಬರಬೇಕು?

ರಿಸೆಟ್ ನೋಡಲು ಚೆಂದ. ಆದರೆ ಅದರಲ್ಲಿ ತಪ್ಪಿಗೆ ಜಾಗ ಬಹಳ ಕಡಿಮೆ. ಒಂದು ಗೇಣು ಮೇಲೆ ಹೋದರೆ ಮುಗಿಯಿತು. ಎರಡೂ ಕಿಚನ್ ಗೆರೆಗಳ ನಡುವೆ ಇರುವುದು 14 ಅಡಿ ಅಷ್ಟೇ. ಅಲ್ಲಿಂದ ಬಾರಿಸಿದ ಚೆಂಡು ನಮ್ಮ ಕಾಲಿಗೋ ಮುಖಕ್ಕೋ ಬರುತ್ತದೆ. (ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ, ದಯವಿಟ್ಟು. ಯಾವ ತಂತ್ರಕ್ಕಿಂತಲೂ ಅದು ಮುಖ್ಯ.)

ಪ್ಯಾಡಲ್‌ಗಳೂ ಮೊದಲಿನ ಹಾಗಿಲ್ಲ. ಒರಟು ಕಾರ್ಬನ್ ಫೈಬರ್ ಮುಖದ ಪ್ಯಾಡಲ್ ಚೆಂಡಿಗೆ ಟಾಪ್‌ಸ್ಪಿನ್, ಅಂದರೆ ಮುಂದಕ್ಕೆ ಉರುಳುವ ತಿರುವು, ಕೊಡುತ್ತದೆ. ಟಾಪ್‌ಸ್ಪಿನ್ ಇದ್ದ ಚೆಂಡು ನೆಟ್ ದಾಟಿ ಕೆಳಗೆ ಬಾಗುತ್ತದೆ. ತಗ್ಗಿನ ಚೆಂಡನ್ನು ಜೋರಾಗಿ ಹೊಡೆದರೆ ಹೊರಗೇ ಹೋಗುತ್ತದೆ ಎಂದು ನಂಬಿ ಕೂರುವ ಕಾಲ ಇದಲ್ಲ. ಮಂಡಿಯ ಮಾತನ್ನೂ ಹೇಳಬೇಕು. ನಮ್ಮಲ್ಲಿ ಅರವತ್ತು ದಾಟಿದವರೂ ಈ ಆಟ ಆಡುತ್ತಾರೆ. ಸಂಜೆಯೆಲ್ಲ ಬಗ್ಗಿ ಬಗ್ಗಿ ರಿಸೆಟ್ ಮಾಡಿ ಅಂತ ಅವರಿಗೆ ಹೇಳುವುದು ಸರಿಯಲ್ಲ ಅಲ್ವಾ?

ಬ್ಲಾಕ್ (ಬೀಸದೆ ಪ್ಯಾಡಲ್ ಒಡ್ಡುವುದು) ಮತ್ತು ಕೌಂಟರ್ (ಬಂದ ವೇಗದಲ್ಲೇ ಚೆಂಡನ್ನು ವಾಪಸ್ ತಳ್ಳುವುದು) ರಿಸೆಟ್‌ಗಿಂತ ಬೇಗ ಕಲಿಯಬಹುದಾದ ವಿದ್ಯೆ. ಎದುರಾಳಿ ವೇಗ ಕೊಟ್ಟಿದ್ದಾಗಿದೆ, ನಾವು ಸೇರಿಸಬೇಕಾಗಿಲ್ಲ. ಪ್ಯಾಡಲ್ ಎದೆಯ ಮುಂದೆ ಎತ್ತಿ ಹಿಡಿಯಿರಿ. ಎದೆಮಟ್ಟಕ್ಕೆ ಬಂದ ಚೆಂಡಿಗೆ ಮೊಣಕೈಯಿಂದ ಒಂದು ಚಿಕ್ಕ ತಳ್ಳು ಸಾಕು. ಗುರಿ ಹೊಡೆದವನ ಕಾಲು, ಇಲ್ಲವೇ ಇಬ್ಬರ ನಡುವಿನ ಜಾಗ. ದೊಡ್ಡದಾಗಿ ಬೀಸಿದವನ ಪ್ಯಾಡಲ್ ಇನ್ನೂ ಭುಜದ ಹತ್ತಿರವೇ ಇರುತ್ತದೆ. ಜೋರಾಗಿ ಹೊಡೆದಷ್ಟೂ ಚೆಂಡು ಬೇಗ ವಾಪಸ್ ಬರುತ್ತದೆ, ಅವನಿಗೆ ಸಾವರಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಕೆಲವು ಸಲ ಹೀಗಾದರೆ ಅವನು ತಾನಾಗಿಯೇ ಕೈ ತಗ್ಗಿಸುತ್ತಾನೆ.

ಇನ್ನೊಂದು ವಿಷಯ, ಸರ್ವ್ ರಿಟರ್ನ್ ಆಳಕ್ಕೆ ಹಾಕಿ. ಅವರು ನೆಟ್‌ನಿಂದ 22 ಅಡಿ ದೂರದ ಬೇಸ್‌ಲೈನ್ ಹಿಂದೆಯೇ ಇರಲಿ. ಅಲ್ಲಿಂದ ಹೊಡೆದ ಚೆಂಡು ನಮ್ಮ ಕಿಚನ್ ಗೆರೆ ತಲುಪಲು 29 ಅಡಿ ಸಾಗಬೇಕು. ತೂತು ತೂತಿನ ಹಗುರ ಪ್ಲಾಸ್ಟಿಕ್ ಚೆಂಡು ಆ ದಾರಿಯಲ್ಲಿ ಗಾಳಿಗೆ ಎಷ್ಟೋ ವೇಗ ಕಳೆದುಕೊಳ್ಳುತ್ತದೆ. ಭುಜದ ಮೇಲೆ ಏರುತ್ತಾ ಬಂದ ಚೆಂಡನ್ನಂತೂ ಮುಟ್ಟಬೇಡಿ, ಸುಮ್ನೆ ಬಿಟ್ಟುಬಿಡಿ. ಹೆಚ್ಚಿನವು ಹೊರಗೆ ಬೀಳುತ್ತವೆ. ಹೊಡೆತದ ಆಟಗಾರರು ಎಷ್ಟೋ ಪಾಯಿಂಟ್ ಗೆಲ್ಲುವುದು ನಾವು ಹೊರಹೋಗುವ ಚೆಂಡಿಗೆ ಕೈ ಹಾಕುವುದರಿಂದಲೇ.

ಮೊಣಕಾಲಿನ ಹತ್ತಿರ ಬಿದ್ದ ಚೆಂಡಿಗೆ ರಿಸೆಟ್ ಬೇಕೇ ಬೇಕು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಎದೆಮಟ್ಟಕ್ಕೆ ಬಂದಿದ್ದನ್ನೂ ಮೆತ್ತಗೆ ಇಳಿಸುತ್ತಾ ಕೂತರೆ ಅವರು ಹೆದರುವುದಾದರೂ ಯಾಕೆ? ಆಟಕ್ಕೆ ಮೊದಲು ಜೊತೆಗಾರರನ್ನು ಎದುರಿನ ಕಿಚನ್ ಗೆರೆಯಲ್ಲಿ ನಿಲ್ಲಿಸಿ. ಮೈಗೆ ನೇರವಾಗಿ ಹೊಡೆಯಲು ಹೇಳಿ. ಮೊದಲು ಅರ್ಧ ವೇಗದಲ್ಲಿ, ಆಮೇಲೆ ಪೂರ್ತಿ. ಬೀಸದೆ ಬರೀ ಬ್ಲಾಕ್ ಮಾಡಿ, ಚೆಂಡು ಅವರ ಕಾಲ ಬಳಿ ಬೀಳಲು ಶುರುವಾದ ಮೇಲೆ ತಳ್ಳುವುದನ್ನು ಸೇರಿಸಿ.