ಬೆಲ್ಟಿಗೆ ಬದಲು ಗಂಟೆಗೆ ಬೀಗ

ಸೀಟ್ ಬೆಲ್ಟ್ ಹಾಕದವರನ್ನು ಎಚ್ಚರಿಸುವ ಗಂಟೆ 2019ರ ಜುಲೈಯಿಂದ ಹೊಸ ಕಾರುಗಳ ಮುಂದಿನ ಸೀಟುಗಳಿಗೆ ಕಡ್ಡಾಯವಾಯಿತು. ಕಿರಿಕಿರಿ ತಾಳಲಾರದೆ ಜನ ಬೆಲ್ಟ್ ಹಾಕಿಯಾರು ಎಂಬುದು ಸರ್ಕಾರದ ಲೆಕ್ಕ. ಜನ ಬೆಲ್ಟನ್ನು ಬಿಟ್ಟು ಅದರ ನಾಲಿಗೆಯನ್ನಷ್ಟೇ ಕೊಂಡರು. ಲೋಹದ ಆ ಪುಟ್ಟ ಕ್ಲಿಪ್ಪನ್ನು ಬಕಲಿಗೆ ಸಿಕ್ಕಿಸಿದರೆ ಗಂಟೆಯ ಬಾಯಿ ಬಂದ್. ಕ್ಲಿಪ್ಪಿನ ಮೇಲೆ ಕಾರು ಕಂಪನಿಯ ಲಾಂಛನ ಬೇರೆ. ಸಾಯುವಾಗಲೂ ಅಂತಸ್ತು ಕಾಣಬೇಕಲ್ಲ.

2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಆದೇಶದಿಂದ ಐದು ಆನ್‌ಲೈನ್ ಅಂಗಡಿಗಳು ಇಂಥ 13,118 ಮಾರಾಟ ಪುಟಗಳನ್ನು ಕಿತ್ತುಹಾಕಿದವು. ಕೆಲವು ಕ್ಲಿಪ್ಪುಗಳು ಬಾಟಲಿ ಓಪನರ್ ವೇಷದಲ್ಲಿದ್ದವಂತೆ. ಬೆಲ್ಟ್ ಬೇಡವೆನ್ನುವ ಚಾಲಕನಿಗೆ ಮುಂದೆ ಏನು ಬೇಕಾದೀತೆಂದು ಊಹಿಸಿದ ವ್ಯಾಪಾರಿಯ ಮುಂದಾಲೋಚನೆಗೆ ಕೈಮುಗಿಯಬೇಕು.

ಕಾಸು ಬಿಚ್ಚದ ಜಾಣರು ಬೆಲ್ಟನ್ನು ಬೆನ್ನ ಹಿಂದಿನಿಂದ ತಂದು ಸಿಕ್ಕಿಸಿ, ಅದಕ್ಕೇ ಒರಗಿ ಕೂರುತ್ತಾರೆ. ಶ್ರಮ ಪೂರ್ತಿ, ರಕ್ಷಣೆ ಸೊನ್ನೆ. ಕೇಳಿದರೆ ಇಸ್ತ್ರಿ ಕೆಡುತ್ತದೆ, ಸೆರಗು ಮುದುಡುತ್ತದೆ, ಊಟ ಮಾಡಿದ ಹೊಟ್ಟೆ ಒತ್ತುತ್ತದೆ.

ಹಿಂದಿನ ಸೀಟಿನವರ ಪಾಡು ಮಾತ್ರ ನಿಜಕ್ಕೂ ಕಷ್ಟದ್ದು. 1959ರಲ್ಲಿ ವೋಲ್ವೋ ಕಾರಿಗೆ ಎದೆ, ಸೊಂಟ ಎರಡನ್ನೂ ಹಿಡಿಯುವ ಮೂರು ಬಿಂದುವಿನ ಬೆಲ್ಟ್ ತಂದ ಎಂಜಿನಿಯರ್ ನಿಲ್ಸ್ ಬೋಲಿನ್, ಅದನ್ನು ಒಂದೇ ಕೈಯಲ್ಲಿ ಹಾಕಿಕೊಳ್ಳುವಂತಿರಬೇಕೆಂದು ಹಟ ಹಿಡಿದಿದ್ದರು. ಪಾಪ, ನಮ್ಮ ಸೀಟ್ ಕವರ್ ಅಂಗಡಿಗಳನ್ನು ಅವರು ಕಂಡಿರಲಿಲ್ಲ. ನಿಂಬೆಹಣ್ಣಿನ ಮೇಲೆ ಚಕ್ರ ಹರಿಸಿದ ಹೊಸ ಕಾರು ನೆಟ್ಟಗೆ ಅಲ್ಲಿಗೇ ಹೋಗುತ್ತದೆ. ಕವರಿನವರು ಬಕಲುಗಳನ್ನು ಕೃತಕ ಚರ್ಮದಡಿ ಹೂತು, ಮೇಲೊಂದು ದಿಂಬು ಉಚಿತವಾಗಿ ಕೊಡುತ್ತಾರೆ. ಮೂವರು ಕುಳಿತ ಮೇಲೆ ಸೀಟಿನ ಸಂದಿಗೆ ಕೈ ತೂರಿಸಿ ನೋಡಿ: ಕಡಲೆಕಾಯಿ ಸಿಪ್ಪೆ, ಒಂದು ರೂಪಾಯಿ ನಾಣ್ಯ, ಹಲ್ಲು ಮುರಿದ ಬಾಚಣಿಗೆ ಸಿಗುತ್ತವೆ. ಬಕಲು ಸಿಗಬೇಕಾದರೆ, 'ಮಾವ, ಸ್ವಲ್ಪ ಎದ್ದೇಳುತ್ತೀರಾ?' ಎನ್ನಬೇಕು. ಮಾವನನ್ನು ಏಳಿಸುವುದಕ್ಕಿಂತ ಹಣೆಬರಹವನ್ನು ನಂಬುವುದೇ ಸಲೀಸು.

2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕುಳಿತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡಾಗ ದೇಶವೆಲ್ಲ ಸಂದಿಗಳಲ್ಲಿ ಬಕಲು ಹುಡುಕಿತು. ಆಮೇಲೆ ದಿಂಬುಗಳು ಮತ್ತೆ ಸ್ವಸ್ಥಾನ ಸೇರಿದವು.

ಈಗ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾಗಳಿವೆ. ಕಂಬ ಕಂಡೊಡನೆ ನಮ್ಮವರು ಬೆಲ್ಟನ್ನು ಎದೆಗೆ ಅಡ್ಡ ಎಳೆದು, ಕೈಯಲ್ಲೇ ಹಿಡಿದು, ಗಂಭೀರವಾಗಿ ಮುಂದೆ ನೋಡುತ್ತಾರೆ. ಕಂಬ ದಾಟಿತೋ, ಸರ್ರೆಂದು ಬಿಡುತ್ತಾರೆ. ಬಕಲು ಇನ್ನು ನಾಲ್ಕೇ ಬೆರಳು ದೂರದಲ್ಲಿರುತ್ತದೆ. ಅಷ್ಟು ದೂರ ಕೈ ಚಾಚಲು ಸ್ವಾಭಿಮಾನ ಒಪ್ಪುವುದಿಲ್ಲ.