ಮೊದಲು ಡ್ರಮ್ ಯಾವುದು ಅಂತ ನೋಡ್ಕೊಳ್ಳಿ
ಡ್ರಮ್‌ನಿಂದ ಸ್ಮೋಕರ್, ಅಂದರೆ ಕೆಂಡದ ಹೊಗೆಯಲ್ಲಿ ಮಾಂಸ ನಿಧಾನವಾಗಿ ಬೇಯಿಸುವ ಒಲೆ, ಮಾಡುವ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಗುಜರಿಯಲ್ಲಿ ಸಿಗುವ ಯಾವ 200 ಲೀಟರ್ ಡ್ರಮ್ ಆದರೂ ಸ್ಮೋಕರ್‌ಗೆ ನಡೆಯುತ್ತದೆ ಅಂದಿದ್ದೀರಲ್ಲ, ಅದನ್ನು ಒಪ್ಪುವುದು ಕಷ್ಟ. ಕೀಟನಾಶಕ, ಕೆಮಿಕಲ್ ತುಂಬಿದ್ದ ಡ್ರಮ್ ಪುಕ್ಕಟೆ ಕೊಟ್ಟರೂ ಬೇಡ. ಅಡುಗೆ ಎಣ್ಣೆಯೋ ಹಣ್ಣಿನ ರಸವೋ ಬಂದಿದ್ದ ಡ್ರಮ್ ಹುಡುಕಿ. ಅದರ ಒಳಗೂ ಎಷ್ಟೋ ಸಲ ಎಪಾಕ್ಸಿ (ಪ್ಲಾಸ್ಟಿಕ್‌ನಂಥ ಗಟ್ಟಿ ರಾಳ) ಲೇಪ ಇರುತ್ತದೆ. ಸುಮ್ನೆ ಸೋಪು ಹಾಕಿ ತೊಳೆದರೆ ಹೋಗುವುದಿಲ್ಲ. ತಳದ ಹತ್ತಿರ ತೂತು ಕೊರೆದು, ಬಯಲಲ್ಲಿಟ್ಟು, ಸೌದೆ ತುಂಬಿ ಜೋರಾಗಿ ಉರಿಸಿ. ಆಮೇಲೆ ಬರೀ ಕಬ್ಬಿಣ ಕಾಣುವವರೆಗೆ ವೈರ್ ಬ್ರಷ್‌ನಲ್ಲಿ ಉಜ್ಜಿ, ಎಣ್ಣೆ ಸವರಿ ಮತ್ತೆ ಕಾಯಿಸಿ. ಮಾಂಸ ಇಡಲು ಸತುವಿನ ಲೇಪ ಇರುವ ಜಿಐ ಜಾಲರಿಯೂ ಬೇಡ, ಜಾಸ್ತಿ ಕಾದರೆ ಅದರ ಹೊಗೆ ವಿಷ.

ಅಸಲಿ ಕೆಲಸ ಇರುವುದು ಗಾಳಿಯಲ್ಲಿ. ತಳದಿಂದ ಎರಡು ಇಂಚು ಮೇಲೆ ಮುಕ್ಕಾಲು ಇಂಚಿನ ಮೂರ್ನಾಲ್ಕು ತೂತು ಸಾಕು. ಒಂದಕ್ಕೆ ಗಾಳಿ ಹೆಚ್ಚುಕಡಿಮೆ ಮಾಡಲು ಹಿತ್ತಾಳೆ ಬಾಲ್ ವಾಲ್ವ್ (ತಿರುಗಿಸುವ ನಲ್ಲಿ), ಉಳಿದವಕ್ಕೆ ಮುಚ್ಚಳ. ಒಳಗೆ 110ರಿಂದ 135 ಡಿಗ್ರಿ ಸೆಲ್ಸಿಯಸ್ ನಿಂತರೆ ಗೆದ್ದಂತೆ. ಪದೇ ಪದೇ ಡ್ರಮ್‌ನ ಮೇಲಿನ ಮುಚ್ಚಳ ಎತ್ತಿ ಇಣುಕಬೇಡಿ. ಗಾಳಿ ನುಗ್ಗಿ ಕೆಂಡ ಧಗ್ಗನೆ ಏಳುತ್ತದೆ, ಮತ್ತೆ ಇಳಿಸುವಷ್ಟರಲ್ಲಿ ಸಾಕಾಗುತ್ತದೆ.

ಹೊಗೆಗೆ ಅಮೆರಿಕದವರು ಹಾಕುವ ಹಿಕರಿ ಮರದ ಸೌದೆ ಇಲ್ಲದಿದ್ದರೇನು, ಚೆನ್ನಾಗಿ ಒಣಗಿದ ಮಾವಿನ ಅಥವಾ ಸೀಬೆಯ ಸೌದೆ ತುಂಡು ಎರಡು ಹಾಕಿ. ಅಂಟು ಸೋರುವ ಪೈನ್ ಮಾತ್ರ ಬೇಡ. ಇನ್ನು ಕೆಂಡಕ್ಕೂ ಮಾಂಸಕ್ಕೂ ನಡುವೆ ಇಡಲು ನೀವು ಹೇಳಿದ ನೀರಿನ ತಟ್ಟೆ ನನಗೆ ಅಷ್ಟು ಹಿಡಿಸಲಿಲ್ಲ. ಎರಡು ಅಡಿ ಮೇಲಿಂದ ಮಾಂಸದ ಕೊಬ್ಬು ತೊಟ್ಟಿಕ್ಕಿ, ಕೆಂಡದ ಮೇಲೆ ಚುರ್ ಅಂದು ಏಳುವ ಹೊಗೆಗೇ ಅಲ್ವಾ ಜನ ಡ್ರಮ್ ಕಟ್ಟುವುದು?